ಸುಣ್ಣದ ಗೆರೆ ಎಳೆದ ಖಲಂದರ್

ನನ್ನ ಅಕ್ಷರ ಚೆನ್ನಾಗಿಲ್ಲ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ಪದಗಳೂ ನನಗೆ ಹೆಚ್ಚು ಗೊತ್ತಿಲ್ಲ. ಏಳನೆಯ ತರಗತಿಯ ನಡುವೆ ಶಾಲೆ ಬಿಟ್ಟವಳು ಬರೆದದ್ದೆಂದು ಓದುವವರು ಮನ್ನಿಸಬೇಕು. ಮನೆಯಲ್ಲಿ ನಾವು ಆಡುವುದು ದಖನಿ ಉರ್ದು. ಮನೆಯೊಳಗಿನ ಮಾತುಗಳನ್ನು ಕನ್ನಡಕ್ಕೆ ತಂದು ಬರೆದಿದ್ದೇನೆ. ಉಳಿದದ್ದು ಆಡಿದ ಹಾಗೆಯೇ ಇದೆ. ಯಾವುದನ್ನು ಕಣ್ಣಾರೆ ಕಂಡೆ, ಯಾವುದನ್ನು ಬೇರೆಯವರಿಂದ ಕೇಳಿದೆ ಎಂಬುದನ್ನು ಅಲ್ಲಲ್ಲೇ ಹೇಳುತ್ತೇನೆ.

ಬರೆಯುತ್ತಿರುವುದು ನಮ್ಮ ಅಬ್ಬಾ ಖಲಂದರ್ ಅವರ ಬಗ್ಗೆ. ಅವರು ಆಡುತ್ತಿದ್ದ ಭದ್ರಾವತಿಯ ಬಾಲ್ ಬ್ಯಾಡ್ಮಿಂಟನ್ ಸಂಘಕ್ಕೆ ಈ ವರ್ಷ, ಅಂದರೆ 1968ಕ್ಕೆ, ಇಪ್ಪತ್ತೈದು ತುಂಬುತ್ತದೆ. ಹಳೆಯ ಆಟಗಾರರ ಜೀವನ ಬರೆಸಿ ಒಂದು ಪುಸ್ತಕ ಅಚ್ಚು ಹಾಕಿಸುತ್ತಾರಂತೆ. ಸಂಘದ ಕಾರ್ಯದರ್ಶಿ ಗಣಪಯ್ಯನವರು ಅದಕ್ಕಾಗಿ ಶಿವಮೊಗ್ಗಕ್ಕೆ, ಹೊಸಮನೆ ಬಡಾವಣೆಯ ನಮ್ಮ ಮನೆಗೆ ಬಂದಿದ್ದರು.

"ನಂಗೆಲ್ಲಿ ಬರೆಯೋಕೆ ಬರುತ್ತೆ ಗಣಪಯ್ಯನೋರೆ" ಎಂದರು ಅಬ್ಬಾ.

"ಮಗಳು ಬರೀಲಿ. ಕನ್ನಡ ಶಾಲೆಗೆ ಹೋದೋಳಲ್ವಾ."

ಹೋಗುವಾಗ ಅವರು ಬಾಗಿಲಲ್ಲಿ ನಿಂತು, ನನಗೆ ಮಾತ್ರ ಕೇಳುವ ಹಾಗೆ, "ಗೆದ್ದ ಪಂದ್ಯಗಳ ಬಗ್ಗೆ ಬರಿಯಮ್ಮ. ಗೆರೆ ವಿಷಯ ಬೇಡ" ಎಂದರು.

ಅದನ್ನು ಬಿಟ್ಟರೆ, ನಾವು ಭದ್ರಾವತಿಯಿಂದ ಯಾಕೆ ಬಂದೆವು, ಅಬ್ಬಾ ಬ್ಯಾಟನ್ನು ಯಾಕೆ ಕೆಳಗಿಟ್ಟರು ಎಂಬುದು ಯಾರಿಗೂ ತಿಳಿಯುವುದಿಲ್ಲ. 1965ರ ಯುದ್ಧದ ದಿನಗಳಲ್ಲಿ ಆಟದ ಅಂಕಣದ ಗೆರೆಗಳನ್ನು ಅಬ್ಬಾ ಯಾಕೆ ಬದಲಿಸಿದರು, ಆಮೇಲೆ ಯಾಕೆ ಅಳಿಸಿದರು ಎಂಬುದನ್ನು ನಮ್ಮ ಮನೆಯವರನ್ನು ಬಿಟ್ಟರೆ ಪೂರಾ ಬಲ್ಲವರು ಒಬ್ಬರೇ, ಅವರ ಜೊತೆಗಾರ ಧರ್ಮಪ್ಪ. ಧರ್ಮಪ್ಪನವರು ಅದನ್ನು ಜನರ ಎದುರು ಹೇಳಬೇಕು. ಅಬ್ಬಾಗೆ ಬೇಕಾಗಿರುವುದು ಅದೊಂದೇ.

ಮೊದಲಿನಿಂದ ಹೇಳುತ್ತೇನೆ. ಅಬ್ಬಾ ಹುಟ್ಟಿದ್ದು ಭದ್ರಾವತಿಯ ಹಳೇಪೇಟೆಯಲ್ಲಿ. ನಮ್ಮ ತಾತ ಜಟಕಾ ಹೊಡೆಯುತ್ತಿದ್ದರು. ಅಬ್ಬಾ ಚಿಕ್ಕ ವಯಸ್ಸಿಗೇ ಲಾರಿ ಶೆಡ್ಡಿಗೆ ಸೇರಿ ಮೆಕ್ಯಾನಿಕ್ ಆದರು. ಬಿಗಿದ ನಟ್ಟುಗಳನ್ನು ತಿರುವಿ ತಿರುವಿ ಅವರ ಮಣಿಕಟ್ಟು ಗಟ್ಟಿಯಾಗಿತ್ತು. ಆಟಕ್ಕೆ ಅದೇ ಒದಗಿತು ಎಂದು ಅವರೇ ಹೇಳುತ್ತಾರೆ.

ಬಾಲ್ ಬ್ಯಾಡ್ಮಿಂಟನ್ನಿನ ಚೆಂಡು ಹಳದಿ ಉಣ್ಣೆಯದು. ನಮ್ಮ ಕಡೆ ಮಳೆಗಾಲದಲ್ಲಿ ಅದು ನೀರು ಕುಡಿದು ಒದ್ದೆ ಹತ್ತಿಯ ಹಾಗೆ ಭಾರವಾಗುತ್ತದೆ, ಹೊಡೆದರೆ ಮೇಲೇಳುವುದಿಲ್ಲ. 1952ರ ಸುಮಾರಿಗೆ ಒಂದು ಸಂಜೆ ಸಂಘದವರು ಹೀಗೇ ಆಟ ನಿಲ್ಲಿಸಿ ನಿಂತಿದ್ದರಂತೆ. ಬೇಲಿಯ ಹೊರಗೆ ನಿಂತು ನೋಡುತ್ತಿದ್ದ ಅಬ್ಬಾ ಚೆಂಡುಗಳನ್ನು ಕೇಳಿ ಇಸಿದುಕೊಂಡು ಹೋಗಿ, ಆಗಷ್ಟೇ ಘಾಟಿ ಹತ್ತಿ ಬಂದಿದ್ದ ಲಾರಿಯ ಬಾನೆಟ್ಟಿನ ಮೇಲೆ ಹರಡಿ ಒಣಗಿಸಿಕೊಂಡು ಬಂದರು. ಒಣಗಿದ ಚೆಂಡುಗಳನ್ನು ವಾಪಸ್ ಇಸಿದುಕೊಂಡವರು ಧರ್ಮಪ್ಪ. ಊರಿನ ಕಬ್ಬಿಣದ ಕಾರ್ಖಾನೆಯ ಕುಲುಮೆಯಲ್ಲಿ ಕೆಲಸ, ಅಬ್ಬಾರ ವಯಸ್ಸೇ.

"ಬಾಲ್ ಒಣಗಿಸೋಕೆ ಬರುತ್ತೆ. ಹೊಡೆಯೋಕೆ ಬರುತ್ತೇನಯ್ಯ?"

"ಬ್ಯಾಟು ಕೊಟ್ರೆ ತಾನೆ ಗೊತ್ತಾಗೋದು."

ಇದನ್ನು ನಾನು ಇಬ್ಬರ ಬಾಯಲ್ಲೂ ಕೇಳಿದ್ದೇನೆ, ಇಬ್ಬರೂ ಒಂದೇ ರೀತಿ ಹೇಳುತ್ತಿದ್ದರು. ಅದಕ್ಕೇ ನಿಜವೆಂದು ಬರೆದಿದ್ದೇನೆ.

ಅವರು ಜೋಡಿ ಆಟ ಆಡುತ್ತಿದ್ದರು. ಧರ್ಮಪ್ಪನವರದು ಬಲೆಯ ಹತ್ತಿರ, ಅಬ್ಬಾರದು ಹಿಂದೆ. ದಾವಣಗೆರೆ, ಹಾಸನ, ಮೈಸೂರು ಎಲ್ಲ ಕಡೆ ಗೆದ್ದರು. ಒಂದು ಸಲ ಶಿವಮೊಗ್ಗದಲ್ಲಿ ಗೆದ್ದ ಬೆಳ್ಳಿ ಬಣ್ಣದ ಕಪ್ಪನ್ನು ಗಾಜನೂರಿಗೆ ಒಯ್ದು, ಅದರಲ್ಲೇ ತುಂಗೆಯ ನೀರು ತುಂಬಿಸಿಕೊಂಡು ಕುಡಿದರಂತೆ. ಧರ್ಮಪ್ಪನವರು ಹಳೇಪೇಟೆಯ ನಮ್ಮ ಮನೆಗೆ ಬಂದರೆ ನೇರ ಅಡುಗೆಮನೆಗೇ ಬಂದು, "ಭಾಭಿ, ಈ ಸಾಬ್ರಿಗೆ ಮುದ್ದೆ ತಿನ್ನೋದು ಕಲಿಸ್ದೆ, ಇನ್ನು ಆಟ ಕಲಿಸೋದೊಂದು ಬಾಕಿ" ಎನ್ನುತ್ತಿದ್ದರು. ನಾನು ಅವರನ್ನು ಧರ್ಮಪ್ಪ ಚಾಚಾ ಎನ್ನುತ್ತಿದ್ದೆ. ಇಲ್ಲಿಂದ ಮುಂದೆಯೂ ಹಾಗೆಯೇ ಬರೆಯುತ್ತೇನೆ. ಬೇರೆ ರೀತಿ ಬರೆಯಲು ಕೈ ಬರುವುದಿಲ್ಲ.

ಸಂಘದ ಅಂಕಣ ಭದ್ರಾವತಿಯದೇ ಹೊಸಪೇಟೆಯಲ್ಲಿ, ಕಾರ್ಖಾನೆಯ ಗೋಡೆಯ ಈಚೆಗಿನ ಬಯಲಿನಲ್ಲಿತ್ತು. ಗೆರೆ ಎಳೆಯುವುದು ಮೊದಲಿನಿಂದಲೂ ಅಬ್ಬಾರ ಕೆಲಸ. ಒಣ ಸುಣ್ಣದ ಪುಡಿ ಉದುರಿಸಿದರೆ ಒಂದೇ ಮಳೆಗೆ ತೊಳೆದುಹೋಗುತ್ತದೆ. ಅಬ್ಬಾ ಗೋಡೆಗೆ ಬಳಿಯುವವರ ಹಾಗೆ ಸುಣ್ಣಕ್ಕೆ ಉಪ್ಪೂ ಅಂಟೂ ಸೇರಿಸಿ ಕಲಸಿ, ಹಗ್ಗ ಬಿಗಿದು, ನಾರಿನ ಕುಂಚದಲ್ಲಿ ಎಳೆಯುತ್ತಿದ್ದರು. ಆ ಗೆರೆ ಎಂಥ ಮಳೆಗೂ ಹೋಗುತ್ತಿರಲಿಲ್ಲ.

ಅಂಕಣ ಮೊದಲು ಪೂರ್ವ ಪಶ್ಚಿಮವಾಗಿತ್ತು. ಸಂಜೆ ಆಡುವಾಗ ಒಂದು ಕಡೆಯವರಿಗೆ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಕುಲುಮೆಯ ಬೆಳಕು ನೋಡಿ ನೋಡಿ ಧರ್ಮಪ್ಪ ಚಾಚಾಗೆ ಕಣ್ಣಲ್ಲಿ ನೀರು ಬರುವ ತೊಂದರೆ ಮೊದಲೇ ಇತ್ತು. 1965ರಲ್ಲಿ ಶ್ರಾವಣದ ಮಳೆ ಬಿಡುವು ಕೊಟ್ಟು ಬಿಸಿಲು ಬಂದಾಗ ಅವರೇ ನಮ್ಮ ಮನೆಯಲ್ಲಿ ಕೂತು, "ಈ ಕೋರ್ಟು ತಿರುಗಿಸ್ಬಿಡೋಣ ಮಾರಾಯ. ನಂಗೆ ಬಾಲೂ ಕಾಣಲ್ಲ, ಬಲೆನೂ ಕಾಣಲ್ಲ. ನಿನ್ನ ಹೆಂಡ್ತಿ ಮಾಡಿರೋ ರೊಟ್ಟಿ ಒಂದು ಕಾಣುತ್ತೆ" ಎಂದರು. ಆ ಭಾನುವಾರ ಇಬ್ಬರೂ ಹೋಗಿ ಹಗ್ಗದ ಒಂದೊಂದು ತುದಿ ಹಿಡಿದು ಅಂಕಣವನ್ನು ಉತ್ತರ ದಕ್ಷಿಣಕ್ಕೆ ತಿರುಗಿಸಿದರು. ಹಳೆಯ ಗೆರೆಗಳನ್ನು ಕೆರೆದು ತೆಗೆದರು. ಅಬ್ಬಾ ಹೊಸ ಗೆರೆಗಳನ್ನು ದಪ್ಪಗೆ ಎಳೆದರು. ಅಂಕಣದ ಉತ್ತರಕ್ಕೆ ಕಾರ್ಖಾನೆಯ ದೊಡ್ಡ ಚಿಮಣಿ ಇತ್ತು. ಅದು ಅಲ್ಲಿ ಮೊದಲಿನಿಂದಲೂ ಇದ್ದದ್ದು. ಇಬ್ಬರಲ್ಲಿ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಪಾಕಿಸ್ತಾನದ ಜೊತೆ ಯುದ್ಧ ಶುರುವಾಯಿತು.

ಯುದ್ಧ ನಮ್ಮಿಂದ ಬಹಳ ದೂರದಲ್ಲಿತ್ತು. ಆದರೆ ಕಾರ್ಖಾನೆ ಇರುವ ಊರು, ವಿಮಾನ ಬಂದು ಬಾಂಬು ಹಾಕಬಹುದು ಎಂದು ಎಲ್ಲರಿಗೂ ಭಯ. ನಮ್ಮ ಸಾಲಿನವರು ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದರು. ಬಿಳಿ ಬಟ್ಟೆಯನ್ನು ಮಾಳಿಗೆಯ ಮೇಲೆ ಒಣಹಾಕಬಾರದು ಎಂದು ಯಾರೋ ಹೇಳಿದರು, ಅಮ್ಮಾ ಒಳಗೇ ಹಗ್ಗ ಕಟ್ಟಿದಳು. ಧರ್ಮಪ್ಪ ಚಾಚಾರ ತಮ್ಮ ಪುಟ್ಟಣ್ಣ ಸೈನ್ಯದಲ್ಲಿದ್ದರು. ಅವರಿಂದ ಯಾವ ಸುದ್ದಿಯೂ ಬಂದಿರಲಿಲ್ಲ. ಚಾಚಾ ನಮ್ಮ ಮನೆಗೆ ಬರುವುದು ಕಡಿಮೆಯಾಯಿತು. ಅವರಿಗೆ ತಮ್ಮನ ಚಿಂತೆ ಎಂದು ಅಬ್ಬಾ ಹೇಳಿದರು.

ಗೆರೆಯ ಮಾತು ಮೊದಲು ಬಂದದ್ದು ತಮಾಷೆಯಾಗಿ. ಹಳೇಪೇಟೆಯ ಚಹಾದ ಹೋಟೆಲಿನಲ್ಲಿ ಯಾರೋ ಒಬ್ಬರು, "ಖಲಂದರಣ್ಣ, ಗೆರೆ ಭಾಳ ನೆಟ್ಟಗೆ ಎಳೆದಿದೀಯ ಬಿಡು. ಚಿಮಣಿಗೇ ನೇರ. ಮೇಲಿಂದ ಬರೋರಿಗೆ ದಾರಿ ತಪ್ಪಲ್ಲ" ಎಂದರಂತೆ. ಎಲ್ಲರೂ ನಕ್ಕರು. ಅಬ್ಬಾ ಕೂಡ ನಕ್ಕು, ಮನೆಗೆ ಬಂದು ನಮಗೂ ಹೇಳಿ ನಗಿಸಿದರು. ಎರಡನೆಯ ಸಲ ಅದೇ ಮಾತು ಬಂದಾಗ ಹೋಟೆಲಿನಲ್ಲಿ ನಕ್ಕವರು ಕಡಿಮೆ. ಆಮೇಲೆ ಲಾರಿ ಶೆಡ್ಡಿನಲ್ಲಿ ಒಬ್ಬ ಡ್ರೈವರ್, "ಮಳೆಗೂ ಹೋಗದ ಸುಣ್ಣ ಅಂತೆ, ಹೌದೇನ್ರಿ? ಯಾರು ಹೇಳಿಕೊಟ್ರು?" ಎಂದು ಕೇಳಿದ. ಅಬ್ಬಾ ಅದನ್ನು ಮನೆಯಲ್ಲಿ ಹೇಳುವಾಗ ನಗಲಿಲ್ಲ.

ಒಂದು ಸಂಜೆ ಧರ್ಮಪ್ಪ ಚಾಚಾ ಬಂದರು. ಒಳಗೆ ಬರಲಿಲ್ಲ, ಸೈಕಲ್ ಹಿಡಿದುಕೊಂಡೇ ಬೀದಿಯಲ್ಲಿ ನಿಂತರು. ನಾನು ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದೆ. ಇಲ್ಲಿ ಬರೆಯುವ ಮಾತುಗಳನ್ನು ನಾನೇ ಕೇಳಿದ್ದು.

"ಲೋ, ಆ ಗೆರೆ ಅಳಿಸಿಬಿಡು ಮಾರಾಯ. ಜನ ಏನೇನೋ ಅಂತಿದಾರೆ."

"ಅಂದ್ಕೊಳ್ಲಿ ಬಿಡು. ನಿನ್ನ ಕಣ್ಣಿಗೆ ಬಿಸಿಲು ಬೀಳುತ್ತೆ ಅಂತ ತಿರುಗಿಸಿದ್ದು ಅಂತ ನೀನೇ ಹೇಳು."

"ಹೇಳ್ತೀನಿ. ಮೊದಲು ನೀನು ಅಳಿಸು."

"ಇಬ್ರೂ ಹೋಗೋಣ. ಹಗ್ಗ ಹಿಡಿದಿದ್ದು ಇಬ್ರೇ ತಾನೆ."

"ನಂಗೆ ಶಿಫ್ಟ್ ಇದೆ. ನೀನು ಬೆಳಿಗ್ಗೆನೇ ಹೋಗಿ ಮುಗಿಸ್ಬಿಡು, ಜನ ಓಡಾಡೋಕೆ ಮುಂಚೆ."

ಅಷ್ಟು ಹೇಳಿ ಹೊರಟರು. ಅಮ್ಮಾ ಒಳಗಿನಿಂದ ಚಹಾ ತಂದಳು. ಬೀದಿಯಲ್ಲಿ ಸೈಕಲ್ ಇರಲಿಲ್ಲ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅಬ್ಬಾ ಸಗಣಿಯನ್ನೂ ಕೆಮ್ಮಣ್ಣನ್ನೂ ಬಕೆಟ್ಟಿನಲ್ಲಿ ಕಲಸಿಕೊಂಡು ಗುದ್ದಲಿ ಹಿಡಿದು ಹೋದರು. ಅವರೇ ಹಾಕಿದ ಉಪ್ಪು ಮತ್ತು ಅಂಟಿನಿಂದ ಗೆರೆ ಏಳಲಿಲ್ಲ. ಗುದ್ದಲಿಯಿಂದ ಕೆರೆಯಬೇಕಾಯಿತು. ಕೆರೆದ ಸದ್ದಿಗೆ ಬಯಲಿನ ಕಾವಲುಗಾರ ಓಬಯ್ಯ ಬಂದ. ಓಬಯ್ಯ ಆಮೇಲೆ ನಮ್ಮ ಅಮ್ಮಾಗೆ ಎಲ್ಲವನ್ನೂ ಹೇಳಿದ. ಅವನು ಹೇಳಿದ ಹಾಗೆ ಬರೆಯುತ್ತೇನೆ.

"ಏನ್ ಮಾಡ್ತಿದೀರಾ ಸಾಬ್ರೆ?"

"ಗೆರೆ ಅಳಿಸ್ತಿದೀನಿ ಓಬಯ್ಯ."

"ಯಾಕೆ?"

"ಜನ ಮಾತಾಡ್ತಿದಾರೆ."

"ಜನ ಮಾತಾಡಿದ್ರೆ ಅಳಿಸ್ತಾರಾ? ತಪ್ಪಿಲ್ದೋರು ಯಾಕೆ ಅಳಿಸ್ಬೇಕು?"

ಅದಕ್ಕೆ ಅಬ್ಬಾ ಉತ್ತರ ಕೊಡಲಿಲ್ಲವಂತೆ. ಉತ್ತರ ಕೊಟ್ಟಿದ್ದರೆ ತಾನು ಬಿಡುತ್ತಿದ್ದೆ ಎಂದು ಓಬಯ್ಯ ಈಗ ಹೇಳುತ್ತಾನೆ. ಬಿಡುತ್ತಿದ್ದನೋ ಇಲ್ಲವೋ ನನಗೆ ತಿಳಿಯದು. ಅವನು ಅಬ್ಬಾರನ್ನು ಠಾಣೆಗೆ ಕರೆದುಕೊಂಡು ಹೋದ. ಊರಿಗೆಲ್ಲ ಸುದ್ದಿ ಹೋದದ್ದು ಹೀಗೆ: ಖಲಂದರ್ ಸಾಬ್ರು ವಿಮಾನಕ್ಕೆ ಗುರುತು ಹಾಕಿದ್ದರು, ಗೊತ್ತಾಗುತ್ತದೆಂದು ಕತ್ತಲಲ್ಲಿ ಅಳಿಸಲು ಹೋಗಿ ಸಿಕ್ಕಿಬಿದ್ದರು. ಆಗ ಕತ್ತಲೆ ಇರಲಿಲ್ಲ, ಬೆಳಗಾಗಿತ್ತು.

ಅಮ್ಮಾ ಬುರ್ಖಾ ಹಾಕಿಕೊಂಡು ನನ್ನನ್ನು ಜೊತೆಗೆ ಕರೆದುಕೊಂಡು ಸೇತುವೆ ದಾಟಿ ಹೊಸಪೇಟೆಗೆ ನಡೆದಳು, ಧರ್ಮಪ್ಪ ಚಾಚಾರ ಮನೆಗೆ. ಅವರ ತಾಯಿ ದುರ್ಗಮ್ಮ ಬಾಗಿಲು ತೆಗೆದರು.

"ಧರ್ಮಪ್ಪ ಭಾಯಿ ಇದಾರಾ ಅಮ್ಮ? ಠಾಣೆಗೆ ಬಂದು ಒಂದು ಮಾತು ಹೇಳಿದ್ರೆ ಸಾಕು. ಅಳಿಸು ಅಂದಿದ್ದು ಅವರೇ."

"ಡ್ಯೂಟಿಗೆ ಹೋಗಿದಾನೆ."

"ಯಾವಾಗ ಬರ್ತಾರೆ?"

"ಗೊತ್ತಿಲ್ಲ ಕಣವ್ವ. ನನ್ನ ಚಿಕ್ಕ ಮಗ ಎಲ್ಲಿದಾನೋ ಅದೂ ಗೊತ್ತಿಲ್ಲ. ನನ್ನ ಏನೂ ಕೇಳ್ಬೇಡ."

ಆಮೇಲೆ ಅವರು ಒಳಗೆ ಹೋಗಿ ಒಂದು ಚೊಂಬು ನೀರು ತಂದು ನನಗೆ ಕೊಟ್ಟರು. ನಾನು ಕುಡಿಯುವವರೆಗೆ ನಿಂತಿದ್ದರು. ಬಾಗಿಲ ಪಕ್ಕದಲ್ಲಿ ಚಾಚಾರ ಚಪ್ಪಲಿ ಇತ್ತು. ದಾರಿಯಲ್ಲಿ ಅಮ್ಮಾ, "ನೋಡಿದೆಯಾ, ಒಳಗೇ ಇದ್ದರು" ಎಂದಳು. ಅವರು ಕೆಲಸಕ್ಕೆ ಬೂಟು ಹಾಕಿಕೊಂಡು ಹೋಗುತ್ತಿದ್ದರು, ಆದ್ದರಿಂದ ಚಪ್ಪಲಿ ಇದ್ದ ಮಾತ್ರಕ್ಕೆ ಮನೆಯಲ್ಲಿದ್ದರು ಎನ್ನಲಾಗದು. ಬೂಟು ಅಲ್ಲಿತ್ತೋ ಇಲ್ಲವೋ ನಾನು ನೋಡಲಿಲ್ಲ.

ಮಧ್ಯಾಹ್ನ ಠಾಣೆಯವರು ಚಾಚಾರನ್ನು ಕರೆಸಿದರು. ಅಲ್ಲಿ ಓಬಯ್ಯನೂ ಇದ್ದ. ಅಬ್ಬಾ ಬೆಂಚಿನ ಮೇಲೆ ಕೂತಿದ್ದರು. ಸಾಹೇಬರು, "ಈ ಗೆರೆ ಯಾರು ಎಳೆದಿದ್ದು?" ಎಂದು ಕೇಳಿದರಂತೆ.

"ಖಲಂದರ್."

"ಅಳಿಸಿದ್ದು?"

"ಅವನೇ."

"ಚಿಮಣಿ ಕಡೆಗೆ ಯಾಕೆ ತಿರುಗಿಸಿದ?"

ಚಾಚಾ, "ಬಿಸಿಲಿಗೆ ಇರಬೇಕು ಸಾರ್" ಎಂದರಂತೆ.

ಇರಬೇಕು ಎಂಬ ಆ ಒಂದು ಮಾತನ್ನು ಅಬ್ಬಾ ಇವತ್ತಿಗೂ ಬಿಟ್ಟಿಲ್ಲ. ಗೆರೆ ಎಳೆದಿದ್ದು ಅಬ್ಬಾ, ಹೌದು. ಅಳಿಸಿದ್ದೂ ಅಬ್ಬಾ. ಧರ್ಮಪ್ಪ ಚಾಚಾ ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ತಿರುಗಿಸಲು ಕೇಳಿದ್ದು ತಾನು, ಹಗ್ಗದ ಇನ್ನೊಂದು ತುದಿ ಹಿಡಿದದ್ದು ತಾನು, ಅಳಿಸು ಎಂದದ್ದೂ ತಾನು ಎನ್ನುವುದನ್ನು ಮಾತ್ರ ಅವರು ಹೇಳಲಿಲ್ಲ. ಅಬ್ಬಾ ಕೂಡ ಬೆಂಚಿನಿಂದ ಎದ್ದು ಹೇಳಲಿಲ್ಲ. ತಾನು ಹೇಳಿದರೆ ಅದು ತಪ್ಪಿಸಿಕೊಳ್ಳುವ ಮಾತಾಗುತ್ತದೆ, ಅವನೇ ಹೇಳಲಿ ಎಂದು ಕಾದರಂತೆ.

ಸಾಹೇಬರು ಕೆಟ್ಟವರಲ್ಲ. ಒಬ್ಬ ಕಾನ್‌ಸ್ಟೇಬಲನ್ನು ಕಳಿಸಿ ಬಯಲನ್ನು ನೋಡಿಸಿದರು. "ಆಟದ ಕೋರ್ಟು ತಾನೆ, ಹೋಗ್ರಿ ಮನೆಗೆ. ಯುದ್ಧ ಮುಗಿಯೋವರೆಗೂ ಆ ಕಡೆ ಹೋಗ್ಬೇಡಿ" ಎಂದು ಸಂಜೆಯ ಹೊತ್ತಿಗೆ ಕಳಿಸಿದರು. ಕೇಸು ಯಾವುದೂ ಆಗಲಿಲ್ಲ. ಆದರೆ ಠಾಣೆಗೆ ಹೋದದ್ದನ್ನು ಊರೆಲ್ಲ ನೋಡಿತ್ತು. ಬಿಟ್ಟು ಕಳಿಸುವಾಗ ಏನು ಹೇಳಿದರು ಎಂಬುದನ್ನು ಊರಿನಲ್ಲಿ ಕೇಳಿದವರು ಯಾರೂ ಇಲ್ಲ.

ಅಂದಿನಿಂದ ಅಬ್ಬಾ ಬೇರೆ ಮನುಷ್ಯರಾದರು. ಮೊದಲು ಗೆರೆಯ ಮಾತು ತೆಗೆದವರು ಯಾರು ಎಂದು ಯೋಚಿಸುತ್ತಿದ್ದರು. ಆಮೇಲೆ, ಬೆಳಿಗ್ಗೆಯೇ ಹೋಗು ಎಂದು ಧರ್ಮಪ್ಪ ಯಾಕೆ ಹೇಳಿದ, ಓಬಯ್ಯ ಸರಿಯಾಗಿ ಆ ಹೊತ್ತಿಗೇ ಹೇಗೆ ಬಂದ ಎಂದು ಯೋಚಿಸತೊಡಗಿದರು. ಕಾವಲುಗಾರ ಕಾವಲಿರುವ ಜಾಗಕ್ಕೆ ಬರುವುದರಲ್ಲಿ ವಿಶೇಷವೇನೂ ಇಲ್ಲ. ಅದನ್ನು ಅವರಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಹಾಲಿನವನು ಎರಡು ದಿನ ಬರದಿದ್ದರೆ ಅವನ ಮೇಲೂ ಅನುಮಾನ. ಎದುರು ಮನೆಯವರು ಕಿಟಕಿ ತೆರೆದರೆ ಯಾಕೆ ತೆರೆದರು, ಮುಚ್ಚಿದರೆ ಯಾಕೆ ಮುಚ್ಚಿದರು.

ಒಂದು ದಿನ ಅಮ್ಮಾ, "ಹಾಲಿನವನಾಯಿತು, ಕ್ಷೌರದವನಾಯಿತು, ಓಬಯ್ಯನಾಯಿತು. ಇನ್ನು ಉಳಿದವಳು ನಾನೊಬ್ಬಳೇ. ನನ್ನನ್ನೂ ಕೇಳಿಬಿಡಿ, ಮುಸುರೆ ತಿಕ್ಕಲು ಹೋಗಬೇಕು" ಎಂದಳು.

"ನಿನ್ನನ್ನು ಯಾಕೆ ಕೇಳಲಿ?"

"ಅಷ್ಟಾದರೂ ನಂಬಿಕೆ ಇದೆಯಲ್ಲ" ಎಂದು ಎದ್ದು ಹೋದಳು.

ಶೆಡ್ಡಿಗೆ ಬರುವ ಡ್ರೈವರುಗಳು ತಮ್ಮ ಲಾರಿಯನ್ನು ಬೇರೆ ಮೆಕ್ಯಾನಿಕ್ ನೋಡಲಿ ಎನ್ನತೊಡಗಿದರು. ಯುದ್ಧ ನಿಂತ ಮೇಲೂ ಅದು ಹಾಗೇ ಮುಂದುವರಿಯಿತು. ಶೆಡ್ಡಿನ ಮಾಲೀಕರು ಒಳ್ಳೆಯ ಮಾತಿನಲ್ಲೇ, "ಸ್ವಲ್ಪ ದಿನ ಶಿವಮೊಗ್ಗದ ನಮ್ಮ ಸಂಬಂಧಿಕರ ಶೆಡ್ಡಲ್ಲಿ ಇರಿ" ಎಂದರು. ದೀಪಾವಳಿಯ ಹೊತ್ತಿಗೆ ನಾವು ಹೊಸಮನೆಗೆ ಬಂದೆವು. ನನ್ನ ಶಾಲೆ ಅಲ್ಲಿಗೆ ನಿಂತಿತು. ಪುಟ್ಟಣ್ಣನವರು ಕ್ಷೇಮವಾಗಿ ರಜೆಗೆ ಬಂದರು ಎಂದು ಯಾರೋ ಹೇಳಿದರು. ಅಮ್ಮಾ "ಅಲ್ಲಾ ದೊಡ್ಡವನು, ದುರ್ಗಮ್ಮನ ಹೊಟ್ಟೆ ತಣ್ಣಗಾಯಿತು" ಎಂದಳು. ಅಬ್ಬಾ, "ಇನ್ನಾದರೂ ಅವನು ಬಂದು ಹೇಳಬಹುದು" ಎಂದರು. ಚಾಚಾ ಬರಲಿಲ್ಲ.

ಮುಂದಿನ ವರ್ಷ ಶಿವಮೊಗ್ಗದ ದಸರಾ ಪಂದ್ಯಕ್ಕೆ ಭದ್ರಾವತಿ ಸಂಘದವರಿಗೆ ಜೋಡಿ ಸಿಗಲಿಲ್ಲ. ಗಣಪಯ್ಯನವರು ಬಂದು ಬೇಡಿಕೊಂಡರು. ಅಬ್ಬಾ ಒಪ್ಪಿದರು. ಯಾಕೆ ಒಪ್ಪಿದಿರಿ ಎಂದು ಅಮ್ಮಾ ಕೇಳಿದ್ದಕ್ಕೆ, "ಅಷ್ಟು ಜನರ ನಡುವೆ ನನ್ನ ಪಕ್ಕ ನಿಂತರೆ ಬಾಯಿ ಬಿಟ್ಟು ಹೇಳಿದ ಹಾಗೆಯೇ ಆಯಿತು" ಎಂದರು.

ಆ ಆಟವನ್ನು ನಾನೂ ಅಮ್ಮಾನೂ ಹೆಂಗಸರ ಕಡೆಯ ಹಗ್ಗದ ಹಿಂದೆ ನಿಂತು ನೋಡಿದೆವು. ಇವರ ಜೋಡಿಯಲ್ಲಿ ಒಂದು ಕಟ್ಟಳೆ ಇತ್ತು. ಮುಂದೆ ನಿಂತ ಧರ್ಮಪ್ಪ ಚಾಚಾ ಹಿಂದೆ ತಿರುಗಿ ನೋಡುವ ಹಾಗಿಲ್ಲ. ತಲೆಯ ಮೇಲೆ ಹೋದ ಚೆಂಡು ಹಿಂದಿನವನದು, ಅವನು ಅದನ್ನು ಎತ್ತಿಯೇ ಎತ್ತುತ್ತಾನೆ ಎಂದು ಬಲೆಯನ್ನೇ ನೋಡುತ್ತ ನಿಲ್ಲಬೇಕು. ತಿರುಗಿದರೆ ಎದುರಿನವರ ಹೊಡೆತ ಕಾಣುವುದಿಲ್ಲ, ಚೆಂಡು ಮೈಗೇ ಬರುತ್ತದೆ. ಹದಿಮೂರು ಹದಿನಾಲ್ಕು ವರ್ಷ ಅವರು ತಿರುಗಿದ್ದನ್ನು ಯಾರೂ ನೋಡಿರಲಿಲ್ಲ.

ಮೊದಲ ಆಟ ಇವರೇ ಗೆದ್ದರು. ನೋಡುವವರು ಹಳೆಯ ಜೋಡಿ ಎಂದು ಚಪ್ಪಾಳೆ ಹೊಡೆದರು. ಇಬ್ಬರೂ ಒಂದು ಮಾತೂ ಆಡಿಕೊಳ್ಳಲಿಲ್ಲ, ನೀರು ಕುಡಿಯುವಾಗಲೂ. ಎರಡನೆಯ ಆಟದಲ್ಲಿ ಎದುರಾಳಿ ಚಿತ್ರದುರ್ಗದವರು ಒಂದು ಚೆಂಡನ್ನು ಚಾಚಾರ ತಲೆಯ ಮೇಲಿಂದ ಹಾರಿಸಿದರು. ಚಾಚಾ ತಿರುಗಿ ಅಬ್ಬಾರನ್ನು ನೋಡಿದರು. ಅಬ್ಬಾ ಆ ಚೆಂಡನ್ನು ಎತ್ತಿ ಆಚೆ ಕಳಿಸಿದರು. ಆದರೆ ಎದುರಿನವನು ಬಲೆಯ ಹತ್ತಿರ ಬಂದು ಹೊಡೆದದ್ದು ಚಾಚಾರ ಬೆನ್ನಿಗೆ ಬಿತ್ತು. ಜನ ನಕ್ಕರು. ಚಾಚಾ ಬೆನ್ನು ಸವರಿಕೊಂಡು ಮತ್ತೆ ನಿಂತರು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ ತಿರುಗಿದರು, ಆಮೇಲೆ ಮತ್ತೂ ಒಂದು ಸಲ. ನಾನು ಅವರ ಮುಖವನ್ನು ನೋಡಿದೆ. ನಾಚಿಕೆಯ ಮುಖ ಅದು, ಅಥವಾ ಭಯದ್ದು. ಯಾವುದು ಎಂದು ನಾನು ಖಚಿತವಾಗಿ ಹೇಳಲಾರೆ. ಮೂರನೆಯ ಸಲ ತಿರುಗಿದ ಮೇಲೆ ಅಬ್ಬಾ ಚೆಂಡುಗಳ ಹಿಂದೆ ಓಡುವುದನ್ನು ನಿಲ್ಲಿಸಿದರು. ಕೈಗೆ ಸಿಕ್ಕಿದ್ದನ್ನು ಮಾತ್ರ ಹೊಡೆದರು. ಎರಡನೆಯದನ್ನೂ ಮೂರನೆಯದನ್ನೂ ಸೋತರು.

ನಮ್ಮ ಪಕ್ಕದಲ್ಲಿ ನಿಂತಿದ್ದ ಒಬ್ಬರು, "ಸಾಬ್ರು ಬೇಕಂತಲೇ ಬಿಟ್ರು ಕಣ್ರಿ" ಎಂದರು. ಅಮ್ಮಾ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಳು.

ಆಟ ಮುಗಿದ ಮೇಲೆ, ನಾವು ಪಕ್ಕದಲ್ಲೇ ಇದ್ದಾಗ, ಚಾಚಾ ಅಬ್ಬಾರ ಹತ್ತಿರ ಬಂದರು.

"ಯಾಕೆ ತಿರುಗಿದೆ ಅಂತ ಕೇಳಲ್ವೇನೋ?"

"ಕೇಳಲ್ಲ."

"ಕೇಳು ಮಾರಾಯ."

"ಕೇಳಿದ್ರೆ ನೀನು ಏನಾದ್ರೂ ಹೇಳ್ತೀಯ. ಆಮೇಲೆ ಅದು ನಿಜಾನೋ ಸುಳ್ಳೋ ಅಂತ ನಾನು ಕೂತು ಯೋಚಿಸ್ಬೇಕು. ನಂಗೆ ನಾಳೆ ಗೇರ್ ಬಾಕ್ಸ್ ಬಿಚ್ಚೋದಿದೆ."

ಆಮೇಲೆ ಅಬ್ಬಾ ಯಾವತ್ತೂ ಆಡಲಿಲ್ಲ. ಬ್ಯಾಟನ್ನು ಶೆಡ್ಡಿನ ಒಬ್ಬ ಕ್ಲೀನರಿಗೆ ಕೊಟ್ಟುಬಿಟ್ಟರು. ಈಗ ಬೆಳಿಗ್ಗೆ ಹೋಗಿ ಸಂಜೆ ಬರುತ್ತಾರೆ. ಕೆಲಸ ಚೆನ್ನಾಗಿ ಮಾಡುತ್ತಾರೆಂದು ಇಲ್ಲಿನ ಡ್ರೈವರುಗಳು ಹುಡುಕಿಕೊಂಡು ಬರುತ್ತಾರೆ. ಯಾರಾದರೂ ಹೆಚ್ಚು ಹೊಗಳಿದರೆ ಮಾತ್ರ, ಇವನಿಗೆ ನನ್ನಿಂದ ಏನು ಬೇಕು ಎಂದು ಮನೆಯಲ್ಲಿ ಕೇಳುತ್ತಾರೆ.

ಗಣಪಯ್ಯನವರು ಬಂದುಹೋದ ಮುಂದಿನ ವಾರ ಧರ್ಮಪ್ಪ ಚಾಚಾ ಬಂದರು. ಒಬ್ಬರೇ ಬಂದಿದ್ದರು. ಹೊಸಮನೆಯ ಮನೆಗೆ ಅವರು ಬಂದದ್ದು ಅದೇ ಮೊದಲು. ಅಬ್ಬಾ ಕುರ್ಚಿ ಕೊಟ್ಟರು. ನಾನು ಚಹಾ ಕೊಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅಮ್ಮಾ ನನ್ನ ಹಿಂದೆ ನಿಂತಿದ್ದಳು.

"ಸಂಘದ ಸಮಾರಂಭಕ್ಕೆ ನೀನು ಬರ್ಬೇಕು" ಎಂದರು ಚಾಚಾ.

"ಗಣಪಯ್ಯ ಕಳಿಸಿದ್ರಾ?"

"ಇಲ್ಲ. ನಾನೇ ಬಂದೆ."

ಚಾಚಾ ಲೋಟವನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದರು. ಆಮೇಲೆ ನೆಲ ನೋಡುತ್ತ, "ತಿರುಗಿಸು ಅಂದಿದ್ದು ನಾನು. ಅಳಿಸು ಅಂದಿದ್ದೂ ನಾನೇ. ಠಾಣೆಯಲ್ಲಿ ಬಾಯಿ ಬರಲಿಲ್ಲ" ಎಂದರು.

"ಯಾಕೆ?"

"ಪುಟ್ಟಣ್ಣನ ಸುದ್ದಿ ಇರಲಿಲ್ಲ. ಮನೇಲಿ ಅವ್ವ ಅಳ್ತಿದ್ಲು. ದಿನಾ ಒಬ್ರಲ್ಲ ಒಬ್ರು ಬಂದು ಹೇಳೋರು. ಕೇಳೀ ಕೇಳೀ ನಂಗೂ ಒಂದು ಗಳಿಗೆ ಅನಿಸ್ತು."

"ಏನು ಅನಿಸ್ತು?"

"ನಾನು ಬಿಸಿಲಿಗೆ ತಿರುಗಿಸು ಅಂದಿದ್ದು ಸರಿ. ನೀನು ಅಷ್ಟು ಬೇಗ ಯಾಕೆ ಒಪ್ಪಿದೆ ಅಂತ."

"ನಿನ್ನ ಕಣ್ಣಲ್ಲಿ ನೀರು ಬರ್ತಿತ್ತು. ಅದಕ್ಕೆ ಒಪ್ಪಿದೆ" ಎಂದರು ಅಬ್ಬಾ.

"ಗೊತ್ತು."

"ಈಗ ಗೊತ್ತು."

"ಹೌದು. ಈಗ ಗೊತ್ತು."

ಅಮ್ಮಾ ನನ್ನ ಭುಜದ ಮೇಲೆ ಕೈ ಇಟ್ಟಳು. ಅಬ್ಬಾರ ದನಿ ಏರಲಿಲ್ಲ. "ಧರ್ಮ, ಇದನ್ನ ಇಲ್ಲಿ ಹೇಳಿದ್ರೆ ಏನು ಬಂತು? ಇಲ್ಲಿರೋರು ನನ್ನ ಹೆಂಡ್ತಿ, ಮಗಳು. ಅವರಿಗೆ ಮೊದಲೇ ಗೊತ್ತು. ಹೇಳೋದಾದ್ರೆ ಅಲ್ಲಿ ಹೇಳು. ಆ ಹೋಟೆಲಲ್ಲಿ ಹೇಳು, ಶೆಡ್ಡಲ್ಲಿ ಹೇಳು. ಸಮಾರಂಭಕ್ಕೆ ಎಲ್ರೂ ಬರ್ತಾರಲ್ಲ, ಅಲ್ಲಿ ನಿಂತು ಹೇಳು. ನೀನು ಹೇಳ್ತೀಯ ಅಂದ್ರೆ ನಾನು ಬರ್ತೀನಿ."

ಚಾಚಾ ಚಹಾ ಮುಗಿಸಿದರು. ಲೋಟವನ್ನು ನನ್ನ ಕೈಗೇ ಕೊಟ್ಟರು. "ನೋಡ್ತೀನಿ" ಎಂದರು. "ದೊಡ್ಡೋಳಾಗಿದೀಯ ಶಮೀಮ್" ಎಂದರು. ಆಮೇಲೆ ಬಸ್ಸಿಗೆ ಹೊತ್ತಾಯಿತು ಎಂದು ಹೊರಟರು.

"ನೋಡ್ತೀನಿ ಅಂದರೆ ಹೇಳುವುದಿಲ್ಲ ಅಂತಲೇ ಅರ್ಥ" ಎಂದರು ಅಬ್ಬಾ. ಅಮ್ಮಾ ಹಾಗೆ ಒಪ್ಪಲಿಲ್ಲ. "ಇಷ್ಟು ದೂರ ಬಂದವರು" ಎಂದಳು. ಅಬ್ಬಾ, "ಬಂದದ್ದೇ ಅನುಮಾನ. ನಾನು ಬರದೇ ಇದ್ದರೆ ಜನ ಕೇಳುತ್ತಾರೆ ಅಂತ ಬಂದಿರಬಹುದು" ಎಂದರು. ನಾನು ಎರಡನ್ನೂ ಯೋಚಿಸಿ ನೋಡಿದೆ. ಅವರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವ ದಾರಿ ನನಗೆ ಗೊತ್ತಿಲ್ಲ. ಅವರು ನಮ್ಮ ಮನೆಯಲ್ಲಿ ಆಡಿದ ಮಾತುಗಳು ಮಾತ್ರ ಗೊತ್ತು. ಅವುಗಳನ್ನು ಒಂದೂ ಸೇರಿಸದೆ, ಒಂದೂ ಬಿಡದೆ ಮೇಲೆ ಬರೆದಿದ್ದೇನೆ. ಅಬ್ಬಾಗೆ ಓದಿ ಹೇಳಿದೆ. ಅವರು ಪೂರ್ತಿ ಕೇಳಿ, "ಇದನ್ನು ಗಣಪಯ್ಯ ಹಾಕುವುದಿಲ್ಲ" ಎಂದರು. ಬರೆದದ್ದು ತಪ್ಪು ಎನ್ನಲಿಲ್ಲ.

ನಾಳೆ ಬೆಳಗಿನ ರೈಲಿಗೆ ಅಮ್ಮಾ ಜೊತೆ ಭದ್ರಾವತಿಗೆ ಹೋಗುತ್ತೇನೆ. ಧರ್ಮಪ್ಪ ಚಾಚಾರ ಮನೆಯಲ್ಲಿ ಕೂತು ಇದನ್ನು ಅವರಿಗೆ ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ. ನಿಜ ಎಂದರೆ ಕೆಳಗೆ ಅವರ ಸಹಿ ಹಾಕಿಸಿಕೊಂಡು ಗಣಪಯ್ಯನವರಿಗೆ ಕೊಡುತ್ತೇನೆ. ಸಹಿ ಹಾಕದಿದ್ದರೆ ಸಹಿ ಇಲ್ಲದೆಯೇ ಕೊಡುತ್ತೇನೆ.